ಹಲಸಿನ ಹಣ್ಣು ತಿಂದ ಕರಡಿಗೆ ನಿಜಕ್ಕೂ ಮತ್ತೇರುತ್ತಾ? ನೋಡಿದವರು, ಗೊತ್ತಿರುವವರು ಹೇಳಿ

ದುರ್ಗದ ತಪ್ಪಲು, ತುಮಕೂರು ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಕೇಳಬೇಕಿತ್ತು. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನಮ್ಮ ತೋಟ ದೇವರಾಯನದುರ್ಗದ ಕಾಡಿನ ಅಂಚಿನಲ್ಲಿದೆ. ಬದುವಿನ ಮೇಲೆ ಅಜ್ಜ ನೆಟ್ಟ ನಾಲ್ಕು ಹಲಸಿನ ಮರ ಇವೆ. ಈ ವರ್ಷ ಫಸಲು ಜಾಸ್ತಿ. ಕೊಯ್ಯೋಕೆ ಆಳು ಸಿಗಲಿಲ್ಲ. ಹಣ್ಣಾಗಿ ಬಿದ್ದು, ಒಡೆದು, ಮಳೆಗೆ ನೆನೆದು, ಹುಳಿ ವಾಸನೆ ಮನೆಯವರೆಗೂ ಬರುತ್ತಿತ್ತು. ಕಳೆದ ಗುರುವಾರ ಬೆಳಗಿನ ಜಾವ ಅಲ್ಲಿಗೆ ಒಂದು ಕರಡಿ ಬಂತು. ಒಡೆದ ಹಣ್ಣಿಗೆ ಮೂತಿ ಹಾಕಿಕೊಂಡು ಒಂದು ಗಂಟೆ ತಿಂದಿತು. ಬೆಳಕು ಹರಿದ ಮೇಲೂ ಹೋಗಲಿಲ್ಲ. ನಿಧಾನಕ್ಕೆ ನಾಲ್ಕು ಹೆಜ್ಜೆ ಇಟ್ಟಿತು, ಒಂದು ಕಡೆ ವಾಲಿದ ಹಾಗಾಯಿತು, ಲಂಟಾನ ಪೊದೆ ಪಕ್ಕದಲ್ಲಿ ಮಲಗಿಬಿಟ್ಟಿತು.

ಅಷ್ಟರಲ್ಲಿ ಊರಿನ ಹುಡುಗರು ಸೇರಿದರು. "ಟೈಟ್ ಆಗಿದೆ ಕಣೋ" ಅಂತ ಒಬ್ಬ ಕೂಗಿದ. ಎಲ್ಲರೂ ಮೊಬೈಲ್ ತೆಗೆದರು. ಇಬ್ಬರು ಹತ್ತಿಪ್ಪತ್ತು ಅಡಿ ಹತ್ತಿರಕ್ಕೂ ಹೋದರು. ನಾನು, ನಮ್ಮ ಚಿಕ್ಕಪ್ಪ ಬೈದು ಎಳೆದುಕೊಂಡು ಬಂದೆವು. ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿದೆವು. ಅವರು ಬರೋದರೊಳಗೆ "ಕುಡುಕ ಕರಡಿ" ಅಂತ ವಿಡಿಯೋ ಊರೆಲ್ಲ ಓಡಾಡಿತ್ತು.

ನಮ್ಮ ಅಜ್ಜ ಕೂಡ ಹೇಳುತ್ತಿದ್ದರು, ಹಿಪ್ಪೆ ಹೂವು ತಿಂದರೆ ಕರಡಿಗೆ ಅಮಲೇರುತ್ತೆ ಅಂತ. ಇದು ನಿಜಾನಾ? ಕಾಡುಪ್ರಾಣಿ ತಾನಾಗೇ ಮತ್ತು ಬರಿಸೋದನ್ನು ಹುಡುಕಿಕೊಂಡು ಹೋಗುತ್ತಾ? ಆ ವಿಡಿಯೋ ನೋಡಿ ಜನ ನಕ್ಕಿದ್ದು ನನಗೆ ಯಾಕೋ ಸರಿ ಕಾಣಲಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ಇಪ್ಪೆ ತೋಪು, ಮಧುಗಿರಿ

ನಮ್ಮ ಕಡೆ ಇಪ್ಪೆ ಅಂತೀವಿ ತಮ್ಮಾ. ನನಗೀಗ ಎಪ್ಪತ್ತು ದಾಟಿದೆ. ಚಿಕ್ಕವನಿದ್ದಾಗ ನಮ್ಮೂರ ಕೆರೆ ಹಿಂದೆ ದೊಡ್ಡ ಇಪ್ಪೆ ತೋಪಿತ್ತು. ಈಗ ಉಳಿದಿರೋದು ಮೂರೋ ನಾಲ್ಕೋ ಮರ.

ಶಿವರಾತ್ರಿ ಕಳೆದು ಯುಗಾದಿ ಹತ್ತಿರ ಬಂದಾಗ ಎಲೆ ಉದುರಿ ಹೂವಾಗುತ್ತೆ. ರಾತ್ರಿ ಅರಳಿ ಬೆಳಗಿನ ಜಾವ ಉದುರುತ್ತೆ. ದಪ್ಪಗೆ, ಕೆನೆ ಬಣ್ಣದ್ದು, ಒಳಗೆ ರಸ. ಮರದ ಕೆಳಗೆ ಹಾಸಿದ ಹಾಗೆ ಬಿದ್ದಿರುತ್ತೆ. ಅವ್ವ ನಮ್ಮನ್ನು ಕತ್ತಲಲ್ಲೇ ಎಬ್ಬಿಸುತ್ತಿದ್ದಳು. ಆದರೆ ಒಬ್ಬೊಬ್ಬರನ್ನೇ ಕಳಿಸುತ್ತಿರಲಿಲ್ಲ. ನಾಲ್ಕು ಜನ ಸೇರಿ, ಜೋರಾಗಿ ಮಾತಾಡಿಕೊಂಡು, ಕೋಲು ಬಡಿಯುತ್ತಾ ಹೋಗಬೇಕಿತ್ತು. ಯಾಕೆ ಅಂದರೆ ನಮಗಿಂತ ಮುಂಚೆ ಕರಡಿ ಬಂದಿರುತ್ತಿತ್ತು. ಎಷ್ಟೋ ಸಲ ಅದು ತಿಂದು ಹೋದ ಗುರುತು ನೋಡಿದ್ದೇವೆ. ಎರಡು ಸಲ ಕರಡಿಯನ್ನೇ ನೋಡಿದ್ದೇನೆ. ಎರಡೂ ಸಲ ನೆಟ್ಟಗೆ ನಡೆದುಕೊಂಡು ಗುಡ್ಡ ಹತ್ತಿತು. ತೂರಾಡಿದ್ದನ್ನು ನಾನು ಕಂಡಿಲ್ಲ.

ನಾವೂ ಹೂವು ತಿಂದಿದ್ದೇವೆ. ಹಸಿ ಹೂವು ಸಿಹಿ, ಆದರೆ ಒಂಥರಾ ಘಾಟು. ಜಾಸ್ತಿ ತಿಂದರೆ ವಾಂತಿ ಬರುತ್ತೆ. ಹುರಿದು ತಿಂದರೆ ಚೆನ್ನ. ಮತ್ತೇರಿದ್ದು ನೆನಪಿಲ್ಲ. ಆ ಹೂವನ್ನು ಒಣಗಿಸಿ, ನೀರಲ್ಲಿ ಕೊಳೆ ಹಾಕಿ, ಭಟ್ಟಿ ಇಳಿಸಿದರೆ ಸಾರಾಯಿ. ಅದು ಮನುಷ್ಯನ ಕೆಲಸ, ಮರದ ಕೆಲಸ ಅಲ್ಲ.

ಇಪ್ಪೆ ಎಣ್ಣೆ ಬಗ್ಗೆಯೂ ಒಂದು ಮಾತು. ಬೀಜದಿಂದ ಗಾಣದಲ್ಲಿ ಎಣ್ಣೆ ತೆಗೆದು ದೇವಸ್ಥಾನದ ದೀಪಕ್ಕೆ ಕೊಡುತ್ತಿದ್ದರು. ಆ ಎಣ್ಣೆಗೂ ಕರಡಿ ಬರುತ್ತಿತ್ತು. ಗುಡ್ಡದ ಮೇಲಿನ ಗುಡಿ ಬಾಗಿಲು ಮುರಿದು ದೀಪದ ಎಣ್ಣೆ ನೆಕ್ಕಿ ಹೋಗೋದು ನಮ್ಮ ಸೀಮೆಯಲ್ಲಿ ಹೊಸದೇನಲ್ಲ. ಎಣ್ಣೆಯಲ್ಲಿ ಯಾವ ಮತ್ತಿದೆ? ಹಸಿವು ಅಷ್ಟೇ.

ಜೀವಶಾಸ್ತ್ರದ ಮೇಷ್ಟ್ರು, ಕೋಲಾರ

ಹಿರಿಯರು ಹೇಳಿದ್ದು ಸರಿಯಾಗಿದೆ. ಹಿಪ್ಪೆ ಹೂವಿನಲ್ಲಿ ತುಂಬಾ ಸಕ್ಕರೆ ಇರುತ್ತೆ. ಆಗ ತಾನೇ ಬಿದ್ದ ಹೂವಿನಲ್ಲಿ ಆಲ್ಕೋಹಾಲ್ ಇರೋದಿಲ್ಲ ಅಂತಲೇ ಹೇಳಬಹುದು. ಆಲ್ಕೋಹಾಲ್ ಆಗಬೇಕಾದರೆ ಯೀಸ್ಟ್ ಬೇಕು, ತೇವ ಬೇಕು, ಸಮಯ ಬೇಕು. ಯೀಸ್ಟ್ ಎಲ್ಲೆಲ್ಲೂ ಇದೆ. ಹಣ್ಣಿನ ಸಿಪ್ಪೆ ಮೇಲೆ, ಹೂವಿನಲ್ಲಿ, ನೊಣದ ಕಾಲಿನಲ್ಲಿ. ಸಿಪ್ಪೆ ಒಡೆದ ಕೂಡಲೇ ಒಳಗೆ ಇಳಿದು ಸಕ್ಕರೆ ತಿನ್ನೋಕೆ ಶುರು ಮಾಡುತ್ತೆ. ನಮ್ಮ ಇಡ್ಲಿ ಹಿಟ್ಟು ಹುಳಿ ಬಂದು ಉಬ್ಬುತ್ತಲ್ಲ, ಅದೂ ಇದರ ಹತ್ತಿರದ ನೆಂಟನೇ.

ಆದರೆ ಮರದ ಕೆಳಗೆ ಬಿದ್ದ ಹಣ್ಣಿನಲ್ಲಿ ಆಲ್ಕೋಹಾಲ್ ಎಷ್ಟಾಗುತ್ತೆ? ಸಾಮಾನ್ಯವಾಗಿ ಬಹಳ ಕಡಿಮೆ. ಪನಾಮಾದ ಕಾಡಿನಲ್ಲಿ ಜೇಡ ಕೋತಿಗಳು ಕಚ್ಚಿ ಬಿಟ್ಟ ಹಣ್ಣುಗಳನ್ನು ಅಳೆದು ನೋಡಿದ ಅಧ್ಯಯನ 2022ರಲ್ಲಿ ಬಂತು. ಶೇ. 1ರಿಂದ 2ರವರೆಗೆ ಇತ್ತು. ಆಫ್ರಿಕಾದ ಚಿಂಪಾಂಜಿಗಳು ತಿನ್ನುವ ಹಣ್ಣಿನಲ್ಲಿ ಇನ್ನೂ ಕಡಿಮೆ, ಸರಾಸರಿ ಸುಮಾರು ಶೇ. 0.3. ಅವು ದಿನಕ್ಕೆ ನಾಲ್ಕೂವರೆ ಕೆಜಿ ಹಣ್ಣು ತಿನ್ನೋದರಿಂದ ಒಟ್ಟು 14 ಗ್ರಾಂ ಆಲ್ಕೋಹಾಲ್ ಒಳಗೆ ಹೋಗುತ್ತೆ ಅಂತ 2025ರಲ್ಲಿ ಲೆಕ್ಕ ಹಾಕಿದರು. ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಹೋಗೋದರಿಂದ ಅವು ತೂರಾಡೋದಿಲ್ಲ.

ಇನ್ನೊಂದು ಪುಟ್ಟ ಪ್ರಾಣಿ ಇದೆ, ಮಲೇಷ್ಯಾದಲ್ಲಿ. ಇಲಿಯಷ್ಟೇ ದೊಡ್ಡದು, ಬಾಲದ ತುದಿ ಹಕ್ಕಿ ಗರಿ ಥರ. ಬೆರ್ತಾಮ್ ಅನ್ನೋ ತಾಳೆ ಜಾತಿಯ ಗಿಡದ ಹೂವಿನಲ್ಲಿ ಮಕರಂದ ತಾನೇ ಹುದುಗಿ ಸೇಂದಿ ಆಗುತ್ತೆ. ಶೇ. 3.8ರವರೆಗೂ ಏರುತ್ತೆ. ಈ ಪ್ರಾಣಿ ದಿನಾ ರಾತ್ರಿ ಎರಡು ಗಂಟೆಗೂ ಹೆಚ್ಚು ಹೊತ್ತು ಅದನ್ನು ನೆಕ್ಕುತ್ತೆ. 2008ರಲ್ಲಿ ಅದರ ಕೂದಲು ಪರೀಕ್ಷೆ ಮಾಡಿದಾಗ ಆಲ್ಕೋಹಾಲ್ ಕುಡಿದ ಗುರುತು ಮನುಷ್ಯರಲ್ಲಾದರೆ ಅಪಾಯ ಅನ್ನುವಷ್ಟು ಸಿಕ್ಕಿತು. ಆದರೂ ಅದರ ನಡಿಗೆ ಎಲ್ಲೂ ತಪ್ಪಲಿಲ್ಲ. ತೂರಾಡಿದರೆ ಗೂಬೆ ಹಿಡಿದುಕೊಂಡು ಹೋಗುತ್ತೆ, ಅಲ್ವಾ? ಕಾಡಿನಲ್ಲಿ ಮೈಮರೆತವನು ಉಳಿಯೋದಿಲ್ಲ.

ಈಚಲವನ, ಮುಳಬಾಗಿಲು

ಮೇಷ್ಟ್ರೇ, ಸೇಂದಿ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮದು ಈಚಲು ಮರ ನಂಬಿದ್ದ ಮನೆತನ. ಸರ್ಕಾರ ನಿಲ್ಲಿಸುವವರೆಗೂ ನಮ್ಮಪ್ಪ ಮರ ಹತ್ತುತ್ತಿದ್ದರು.

ಸಂಜೆ ಮರ ಕೆತ್ತಿ ಮಡಕೆ ಕಟ್ಟಿ ಬರೋದು. ರಾತ್ರಿಯಿಡೀ ತೊಟ್ಟಿಕ್ಕುತ್ತೆ. ಬೆಳಗ್ಗೆ ಬಿಸಿಲೇರುವ ಮುಂಚೆ ಇಳಿಸಿದರೆ ಸಿಹಿ, ಅದು ನೀರಾ. ಮಡಕೆಗೆ ಸುಣ್ಣ ಬಳಿದಿದ್ದರೆ ಸಿಹಿ ಇನ್ನಷ್ಟು ಹೊತ್ತು ಉಳಿಯುತ್ತೆ. ಸುಣ್ಣ ಇಲ್ಲದಿದ್ದರೆ ಮಧ್ಯಾಹ್ನದ ಹೊತ್ತಿಗೆ ನೊರೆ ಬಂದು ಹೆಂಡ. ಮಾರನೇ ದಿನಕ್ಕೆ ಹುಳಿ, ಬಾಯಿಗೆ ಇಡೋಕೆ ಆಗೋದಿಲ್ಲ.

ಆ ಮಡಕೆಗೆ ಬರದ ಜೀವ ಇಲ್ಲ. ಹಗಲು ಅಳಿಲು, ಜೇನು, ಕಡಜ, ಇರುವೆ. ರಾತ್ರಿ ದೊಡ್ಡ ಬಾವಲಿ. ಕಬ್ಬೆಕ್ಕು ಕೂಡ. ಕಬ್ಬೆಕ್ಕು ಎಷ್ಟು ಚೊಕ್ಕ ಅಂದರೆ ಮುಳ್ಳು ಗರಿಯ ಮಧ್ಯೆ ಹತ್ತಿ ಮಡಕೆ ಬಾಯಿಗೆ ನಾಲಿಗೆ ಹಾಕಿ ಕುಡಿದು, ಮಡಕೆ ಅಲ್ಲಾಡಿಸದೆ ಇಳಿದು ಹೋಗುತ್ತೆ. ಇಂಗ್ಲಿಷಿನಲ್ಲಿ ಅದರ ಹೆಸರೇ ಸೇಂದಿ ಬೆಕ್ಕು ಅಂತ ನಮ್ಮ ಹುಡುಗ ಹೇಳಿದ. ಬಾವಲಿ ಮಡಕೆಗಿಂತ ಜಾಸ್ತಿ ಕೆತ್ತಿದ ಜಾಗವನ್ನೇ ನೆಕ್ಕುತ್ತೆ, ರಸ ಇಳಿಯುವ ದಾರಿಯಲ್ಲೇ.

ಅಪ್ಪ ಒಂದು ಮಾತು ಹೇಳುತ್ತಿದ್ದರು. "ಅವು ಸಿಹಿಗೆ ಬರುತ್ತವೆ, ಹುಳಿಗಲ್ಲ." ಹಳೇ ಮಡಕೆ ಹುಳಿ ಹೆಂಡ ಪಕ್ಕದಲ್ಲಿಟ್ಟರೂ ಪ್ರಾಣಿ ಮುಟ್ಟುತ್ತಿರಲಿಲ್ಲವಂತೆ. ಹೊಸ ರಸಕ್ಕೇ ಮುಗಿಬೀಳೋದು. ಮಡಕೆಯಲ್ಲಿ ಬಿದ್ದು ಸತ್ತ ಜೇನು, ಇರುವೆ ಮಾತ್ರ ದಿನಾ ಸೋಸಬೇಕಿತ್ತು. ಅವು ಕುಡಿದು ಸತ್ತವಲ್ಲ, ಮುಳುಗಿ ಸತ್ತವು. ಅದು ನನಗೆ ಚಿಕ್ಕಂದಿನಲ್ಲಿ ತುಂಬಾ ಬೇಜಾರಾಗುತ್ತಿತ್ತು.

ಜೀವಶಾಸ್ತ್ರದ ಮೇಷ್ಟ್ರು, ಕೋಲಾರ

ನಿಮ್ಮ ತಂದೆಯವರ ಮಾತು ಬೆಲೆ ಬಾಳುವಂಥದ್ದು. ಇಸ್ರೇಲಿನಲ್ಲಿ ಈಜಿಪ್ಟಿನ ಹಣ್ಣು ಬಾವಲಿಗಳ ಮೇಲೆ ಪರೀಕ್ಷೆ ಮಾಡಿದ್ದಾರೆ. ಆಹಾರದಲ್ಲಿ ಆಲ್ಕೋಹಾಲ್ ಶೇ. 1 ದಾಟಿದರೆ ಅವು ತಿನ್ನೋದು ಕಡಿಮೆ ಮಾಡಿದವು. ಕುಡಿಸಿದಾಗ ಹಾರೋದು ನಿಧಾನವಾಯಿತು, ದಾರಿ ತಿಳಿಯಲು ಅವು ಮಾಡುವ ಸದ್ದೂ ಬದಲಾಯಿತು. ಅವಕ್ಕೆ ಅದು ಅಪಾಯ ಅಂತ ಗೊತ್ತು.

ಇನ್ನೊಂದು ವಿಷಯ, ದಯವಿಟ್ಟು ಎಲ್ಲರೂ ಗಮನ ಕೊಡಿ. ಬಾಂಗ್ಲಾದೇಶದಲ್ಲಿ ಇದೇ ಈಚಲು ಮರದ ರಸವನ್ನು ಚಳಿಗಾಲದಲ್ಲಿ ಹಸಿಯಾಗಿ ಕುಡಿಯುತ್ತಾರೆ. ಬಾವಲಿ ನೆಕ್ಕಿದ, ಉಚ್ಚೆ ಹೊಯ್ದ ರಸ ಕುಡಿದವರಿಗೆ ನಿಪಾ ಕಾಯಿಲೆ ಬಂದದ್ದು ಅಲ್ಲಿ ಹಲವು ಸಲ ಪತ್ತೆಯಾಗಿದೆ. ಅದಕ್ಕೇ ಅಲ್ಲಿ ಮಡಕೆ ಮತ್ತು ಕೆತ್ತಿದ ಜಾಗ ಮುಚ್ಚುವ ಹಾಗೆ ಬಿದಿರಿನ ತಟ್ಟಿ ಕಟ್ಟುವುದನ್ನು ಕಲಿಸಿದರು. ಬಾವಲಿಗೂ ಏನೂ ಆಗೋದಿಲ್ಲ, ಮನುಷ್ಯನೂ ಉಳಿಯುತ್ತಾನೆ. ಮರದ ಕೆಳಗೆ ಬಾವಲಿ ಕಚ್ಚಿದ ಹಣ್ಣು ಸಿಕ್ಕರೆ ಮಕ್ಕಳಿಗೆ ಕೊಡಬೇಡಿ.

ಗೂಡಿನ ಹಿಂದೆ, ತುಮಕೂರು

ಹಾಗಂತ ಬಾವಲಿ ಮರ ಕಡಿಯೋಕೆ ಹೋಗಬೇಡಿ ದಯವಿಟ್ಟು. ಹಿಪ್ಪೆ ಹೂವಿಗೆ ಪರಾಗ ತಲುಪಿಸೋದು ಬಾವಲಿ. ಹಣ್ಣು ತಿಂದು ಬೀಜ ದೂರಕ್ಕೆ ಒಯ್ಯೋದೂ ಬಾವಲಿ. ಮೇಲಿನ ಹಿರಿಯರ ತೋಪು ಮತ್ತೆ ಚಿಗುರಬೇಕಾದರೆ ಅವು ಬೇಕು.

ಎಲ್ಲ ಬಾವಲಿಯೂ ಹಣ್ಣು ತಿನ್ನೋದಿಲ್ಲ ಅನ್ನೋದೂ ಜನಕ್ಕೆ ಗೊತ್ತಿಲ್ಲ. ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿ ಗುಹೆಯಲ್ಲಿ ಎಲೆಮೂಗಿನ ಪುಟ್ಟ ಬಾವಲಿ ಇದೆ. ಕೋಲಾರದ ಹೆಸರನ್ನೇ ಹೊತ್ತಿರುವ ಜಾತಿ. ಪ್ರಪಂಚದಲ್ಲಿ ಈಗ ಬೇರೆಲ್ಲೂ ಇಲ್ಲ. ಅಳಿವಿನ ತೀರಾ ಅಂಚಿನಲ್ಲಿದೆ. ಅದು ತಿನ್ನೋದು ಬರೀ ಹುಳ. ಹಣ್ಣಿನ ಹತ್ತಿರವೂ ಸುಳಿಯೋದಿಲ್ಲ. ನಿಪಾ ಭಯದಲ್ಲಿ ಯಾರಾದರೂ ಗುಹೆಗೆ ಹೊಗೆ ಹಾಕಿದರೆ ಒಂದು ಜಾತಿಯೇ ಮುಗಿದು ಹೋಗುತ್ತೆ. ಇದನ್ನು ಬರೆಯುವಾಗಲೇ ನನಗೆ ಸಂಕಟ ಆಗುತ್ತೆ.

ಹಕ್ಕಿಗಳ ವಿಷಯಕ್ಕೆ ಬಂದರೆ ಮಾತ್ರ ಮತ್ತು ನಿಜಕ್ಕೂ ಇದೆ. ಅಮೆರಿಕದಲ್ಲಿ ಸೀಡರ್ ವ್ಯಾಕ್ಸ್‌ವಿಂಗ್ ಅನ್ನೋ ಹಕ್ಕಿ ಹೆಚ್ಚಾಗಿ ಹಣ್ಣನ್ನೇ ತಿಂದು ಬದುಕುತ್ತೆ. ಚಳಿಗಾಲ ಕಳೆದು ಗಿಡದಲ್ಲೇ ಹುದುಗಿದ ಹಣ್ಣನ್ನು ಗುಂಪಾಗಿ ನುಂಗುತ್ತೆ. ಆಮೇಲೆ ಹಾರುವಾಗ ಗಾಜಿನ ಕಿಟಕಿಗೆ ಬಡಿದು ಸಾಯುತ್ತೆ. ಲಾಸ್ ಏಂಜಲೀಸ್ ಕಡೆ ಹೀಗೆ ಸತ್ತ ಹಕ್ಕಿಗಳನ್ನು ಕೊಯ್ದು ಪರೀಕ್ಷೆ ಮಾಡಿ 2012ರಲ್ಲಿ ವರದಿ ಮಾಡಿದರು. ಹೊಟ್ಟೆ ತುಂಬಾ ಹಣ್ಣಿತ್ತು. ಗಾಜು ಇಲ್ಲದ ಕಾಲದಲ್ಲಿ ಅವು ಕೊಂಬೆ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದವೋ ಏನೋ.

ಕಾಮಸಮುದ್ರದ ರೈತ, ಬಂಗಾರಪೇಟೆ

ನಮ್ಮ ಕಷ್ಟ ಆನೆದು. ಗಡಿ ಆಚೆಯಿಂದ ಬರುತ್ತವೆ. ರಾಗಿ, ಬಾಳೆ, ಟೊಮೆಟೊ, ಮಾವು, ಯಾವುದನ್ನೂ ಬಿಡೋದಿಲ್ಲ. ಆನೆ ಹೆಂಡದ ವಾಸನೆಗೆ ಬರುತ್ತೆ, ಕುಡಿದು ಮನೆ ಕೆಡವುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಆಫ್ರಿಕಾದಲ್ಲಿ ಮಾರುಲಾ ಹಣ್ಣು ತಿಂದು ತೂರಾಡುವ ಆನೆಯ ವಿಡಿಯೋ ನಾನೇ ನೋಡಿದ್ದೇನೆ. ಅದಕ್ಕೇನಂತೀರಿ ಮೇಷ್ಟ್ರೇ?

ಜೀವಶಾಸ್ತ್ರದ ಮೇಷ್ಟ್ರು, ಕೋಲಾರ

ಅಣ್ಣಾ, ಮಾರುಲಾ ಕಥೆ ಇನ್ನೂರು ವರ್ಷಕ್ಕೂ ಹತ್ತಿರದ್ದು. ಬ್ರಿಸ್ಟಲ್ ವಿಶ್ವವಿದ್ಯಾಲಯದ ಮೂವರು ವಿಜ್ಞಾನಿಗಳು ಕೂತು ಲೆಕ್ಕ ಹಾಕಿ 2006ರಲ್ಲಿ ಪ್ರಕಟಿಸಿದರು. 3,000 ಕೆಜಿ ತೂಕದ ಆನೆಗೆ ಮತ್ತೇರಬೇಕಾದರೆ ನೀರನ್ನೂ ಕುಡಿಯದೆ ಬರೀ ಹುದುಗಿದ ಹಣ್ಣನ್ನೇ, ಮಾಮೂಲಿಗಿಂತ ಎಷ್ಟೋ ಪಟ್ಟು ಜಾಸ್ತಿ ತಿನ್ನಬೇಕು. ಅದೂ ಅಲ್ಲದೆ ಆನೆ ನೆಲದ ಮೇಲೆ ಕೊಳೆತದ್ದಕ್ಕಿಂತ ಮರದಲ್ಲಿರುವ ಹಣ್ಣನ್ನೇ ಇಷ್ಟಪಡುತ್ತೆ. ಹಾಗಾಗಿ ಅದು ಕಟ್ಟುಕಥೆ ಅಂದರು.

ಆಮೇಲೆ 2020ರಲ್ಲಿ ಕೆನಡಾದವರು ಇನ್ನೊಂದು ಮುಖ ತೋರಿಸಿದರು. ನಮ್ಮ ಹೊಟ್ಟೆಯಲ್ಲಿ ಆಲ್ಕೋಹಾಲ್ ಒಡೆಯುವ ಒಂದು ಕಿಣ್ವ ಇದೆ. ಸುಮಾರು ಒಂದು ಕೋಟಿ ವರ್ಷದ ಹಿಂದೆ ನಮ್ಮ, ಚಿಂಪಾಂಜಿಯ, ಗೊರಿಲ್ಲಾದ ಪೂರ್ವಜರಲ್ಲಿ ಅದರಲ್ಲೊಂದು ಬದಲಾವಣೆ ಆಯಿತು. ಅದರಿಂದ ಆಲ್ಕೋಹಾಲ್ ಒಡೆಯುವ ಶಕ್ತಿ ಹತ್ತಾರು ಪಟ್ಟು ಏರಿತು. ಮರ ಬಿಟ್ಟು ನೆಲಕ್ಕಿಳಿದು ಬಿದ್ದ ಹಣ್ಣು ತಿನ್ನೋಕೆ ಅದು ಸಹಾಯವಾಯಿತು ಅಂತ ಊಹೆ. ಆನೆಯಲ್ಲಿ ಆ ಜೀನ್ ಕೆಲಸವನ್ನೇ ಮಾಡೋದಿಲ್ಲ. ಅಂದರೆ ಬರೀ ತೂಕ ನೋಡಿ ಲೆಕ್ಕ ಹಾಕಿದರೆ ತಪ್ಪಾಗಬಹುದು. ನಾವು ಅಂದುಕೊಂಡದ್ದಕ್ಕಿಂತ ಕಡಿಮೆಗೇ ಅದಕ್ಕೆ ಅಮಲೇರಬಹುದು.

ಆದರೆ ಮನುಷ್ಯ ಮಾಡಿಟ್ಟ ಹೆಂಡದ ವಿಷಯ ಬೇರೆ. ಅಸ್ಸಾಂ, ಬಂಗಾಳದ ಕಡೆ ಅಕ್ಕಿ ಹೆಂಡದ ಮಡಕೆಗೆ ಆನೆ ನುಗ್ಗೋದು ಹಳೇ ಸಂಗತಿ. ಒಡಿಶಾದ ಕಿಯೋಂಝರ್ ಜಿಲ್ಲೆಯಲ್ಲಿ 2022ರ ನವೆಂಬರ್‌ನಲ್ಲಿ 24 ಆನೆ ಹಿಪ್ಪೆ ಕೊಳೆ ಹಾಕಿದ್ದ ಮಡಕೆಗಳ ಹತ್ತಿರ ಮಲಗಿದ್ದವು, ಮಡಕೆ ಒಡೆದಿದ್ದವು. ಊರವರು ಕುಡಿದಿವೆ ಅಂದರು. ಅರಣ್ಯದವರು ಸುಮ್ನೆ ಮಲಗಿದ್ದಿರಬಹುದು ಅಂದರು. ಡೋಲು ಬಡಿದು ಎಬ್ಬಿಸಿ ಕಳಿಸಿದರು.

ಪಶುವೈದ್ಯೆ, ಗೌರಿಬಿದನೂರು

ಮೊದಲು ಬರೆದವರ ಕರಡಿ ವಿಷಯಕ್ಕೆ ವಾಪಸ್ ಬರುತ್ತೇನೆ. ಇದು ನನ್ನ ಮನಸ್ಸಿಗೆ ಹತ್ತಿರದ ವಿಷಯ. "ಕುಡಿದ ಹಾಗೆ ಆಡ್ತಿದೆ ಡಾಕ್ಟ್ರೇ" ಅಂತ ನನಗೆ ವರ್ಷಕ್ಕೆ ಎಷ್ಟೋ ಫೋನ್ ಬರುತ್ತೆ. ಒಂದು ಸಲವೂ ಅದು ಕುಡಿತ ಆಗಿರಲಿಲ್ಲ.

ಹಲಸಿನ ಕಾಲದಲ್ಲಿ ಜಾಸ್ತಿ ಬರೋದು ಹಸುಗಳ ಫೋನು. ಹಗ್ಗ ಬಿಚ್ಚಿಕೊಂಡು ಹೋಗಿ ಬಿದ್ದ ಹಲಸು ಗಬಗಬ ತಿಂದಿರುತ್ತೆ. ಇಲ್ಲವೇ ರಾಗಿ ಮೂಟೆಗೆ ಬಾಯಿ ಹಾಕಿರುತ್ತೆ. ಅಷ್ಟು ಸಕ್ಕರೆ, ಹಿಟ್ಟು ಒಮ್ಮೆಗೇ ದೊಡ್ಡ ಹೊಟ್ಟೆಗೆ ಬಿದ್ದರೆ ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನೆಲ್ಲ ಆಮ್ಲ ಮಾಡುತ್ತವೆ. ಆ ಆಮ್ಲ ರಕ್ತಕ್ಕೆ ಏರುತ್ತೆ. ಹಸು ಮೆಲುಕು ಹಾಕೋದು ನಿಲ್ಲಿಸುತ್ತೆ, ತೂರಾಡುತ್ತೆ, ಮಲಗಿಬಿಡುತ್ತೆ. ನೋಡೋಕೆ ಥೇಟ್ ಕುಡಿದ ಹಾಗೇ. ಒಂದು ಮನೆಯಲ್ಲಿ "ಹಣ್ಣಿನ ಮತ್ತು, ಮಲಗಿದರೆ ಇಳಿಯುತ್ತೆ" ಅಂತ ರಾತ್ರಿ ಪೂರ್ತಿ ಬಿಟ್ಟಿದ್ದರು. ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಹಸು ಹೋಗಿತ್ತು. ಎರಡನೇ ಕರುವಿನ ಹಸು, ಕರುಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಹಲಸು, ರಾಗಿ ಜಾಸ್ತಿ ತಿಂದದ್ದು ಗೊತ್ತಾದ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ಬೇಗ ಬಂದರೆ ಸೋಡಾ ಕೊಟ್ಟು, ಗ್ಲೂಕೋಸ್ ಥರ ಬಾಟಲಿ ಏರಿಸಿ ಉಳಿಸಬಹುದು.

ಕರಡಿ ಮೆಲುಕು ಹಾಕುವ ಪ್ರಾಣಿ ಅಲ್ಲ. ಹಾಗಾಗಿ ಅದಕ್ಕೆ ಇದೇ ಕಾಯಿಲೆ ಅನ್ನೋದಿಲ್ಲ. ಆದರೆ ವಾಲುವುದಕ್ಕೆ ನೂರು ಕಾರಣ ಇರಬಹುದು. ಕಾಲಿಗೆ ಉರುಳು ಬಿದ್ದಿರಬಹುದು. ಹಂದಿಗೆ ಇಟ್ಟ ಸಿಡಿಮದ್ದು ಕಚ್ಚಿರಬಹುದು. ಔಷಧಿ ಹೊಡೆದ ತೋಟದಲ್ಲಿ ಏನೋ ತಿಂದಿರಬಹುದು. ಇಲ್ಲವೇ ಏನೂ ಇಲ್ಲದೆ, ಹೊಟ್ಟೆ ಬಿರಿಯುವಷ್ಟು ತಿಂದು ನಿದ್ದೆ ಬಂದಿರಬಹುದು. ಕರಡಿ ಹೆಚ್ಚಾಗಿ ಓಡಾಡೋದೇ ರಾತ್ರಿ. ಬೆಳಗ್ಗೆ ಅದರ ಮಲಗುವ ಹೊತ್ತು. ಅದರ ನಡಿಗೆಯೇ ಹೊಯ್ದಾಡಿದ ಹಾಗೆ ಕಾಣುತ್ತೆ, ಮುಂಗಾಲು ಒಳಕ್ಕೆ ತಿರುಗಿರುತ್ತೆ.

ಇನ್ನು ನರಿ, ನಾಯಿ, ಮುಂಗುಸಿ ತೂರಾಡಿದರೆ ಮೊದಲು ಯೋಚಿಸಬೇಕಾದ್ದು ರೇಬೀಸ್. ಕಾಡುಪ್ರಾಣಿ ಮನುಷ್ಯನನ್ನು ಕಂಡು ಹೆದರದೆ ನಿಂತರೆ ಅದು ಅಮಲಲ್ಲ, ಕಾಯಿಲೆ. ಮುಟ್ಟಬೇಡಿ.

ಆ ಹುಡುಗರಿಗೆ ಇದೊಂದು ಹೇಳಿ. ಕರಡಿಗೆ ಕಣ್ಣು, ಕಿವಿ ಮಂದ. ಮೂಗು ಮಾತ್ರ ಚುರುಕು. ನಿದ್ದೆಯಲ್ಲಿದ್ದದ್ದು ಹತ್ತು ಅಡಿಯಲ್ಲಿ ನಿಮ್ಮನ್ನು ಒಮ್ಮೆಗೇ ಕಂಡರೆ ಓಡಿ ಹೋಗೋದಿಲ್ಲ, ಮೈಮೇಲೆ ಬೀಳುತ್ತೆ. ಮುಖಕ್ಕೇ ಉಗುರು ಹಾಕುತ್ತೆ. ಕರಡಿ ಕೈಗೆ ಸಿಕ್ಕವರ ಮುಖ ನಾನು ನೋಡಿದ್ದೇನೆ.

ಮಾವಿನ ಮಂಡಿ ದಾರಿ, ಶ್ರೀನಿವಾಸಪುರ

ಡಾಕ್ಟ್ರಮ್ಮ ಹೇಳಿದ್ದು ಓದಿ ಮನಸ್ಸು ಭಾರ ಆಯಿತು. ನಮ್ಮ ಮನೆಯಲ್ಲೂ ಒಂದು ಹಸು ಹೀಗೇ ಹೋಗಿತ್ತು, ಮಾವು ತಿಂದು. ಈಗ ಕಾರಣ ಗೊತ್ತಾಯಿತು.

ನಾನು ನೋಡಿದ್ದು ಹೇಳುತ್ತೇನೆ. ಮಾವಿನ ಕೊಯ್ಲು ಮುಗಿಯುವ ಹೊತ್ತಿಗೆ ಮರದ ಕೆಳಗೆ ಬಿದ್ದು ಕೊಳೆತ ಹಣ್ಣಿನ ರಾಶಿ. ಅದರ ಮೇಲೆ ಚಿಟ್ಟೆ ಕೂತಿರುತ್ತವೆ. ಹೂವಿಗೆ ಹೋಗುವ ಚಿಟ್ಟೆ ಅಲ್ಲ, ದಪ್ಪ ಮೈಯ ಕಂದು ಬಣ್ಣದವು. ಕೈಯಲ್ಲಿ ಹಿಡಿದರೂ ಹಾರೋದಿಲ್ಲ, ಅಷ್ಟು ಮೈಮರೆತಿರುತ್ತವೆ. ಕಡಜ ಕೂಡ ಹಣ್ಣಿನ ಒಳಗೇ ತೂತು ಮಾಡಿಕೊಂಡು ಕೂತಿರುತ್ತೆ. ಪುಟ್ಟ ನೊಣ ಅಂತೂ ಲೆಕ್ಕವೇ ಇಲ್ಲ. ಇವಕ್ಕೂ ಏನೂ ಆಗೋದಿಲ್ವಾ?

ಜೀವಶಾಸ್ತ್ರದ ಮೇಷ್ಟ್ರು, ಕೋಲಾರ

ಈ ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಭಾಗವೇ ಇದು.

ಮೊದಲು ಒಂದು ಗೊಂದಲ ಬಿಡಿಸೋಣ. ಕಾಯಿಗೆ ಚುಚ್ಚಿ ಒಳಗೆ ಹುಳ ಬೀಳಿಸುವ ಊಜಿ ನೊಣ ಬೇರೆ. ಕೊಳೆತ ಹಣ್ಣಿನ ಮೇಲೆ ಹಾರಾಡುವ ಸಾಸಿವೆಯಷ್ಟು ದೊಡ್ಡ, ಕೆಂಪು ಕಣ್ಣಿನ ನೊಣ ಬೇರೆ. ನಾನು ಹೇಳೋದು ಎರಡನೆಯದು. ಅದರ ಮರಿ ಹುಳ ಹುದುಗಿದ ಹಣ್ಣಿನಲ್ಲೇ ಬೆಳೆಯೋದು. ಆಲ್ಕೋಹಾಲ್ ಅದಕ್ಕೆ ಆಹಾರದ ಭಾಗ.

ಆ ಮರಿಗೆ ಒಬ್ಬ ಶತ್ರು ಇದ್ದಾನೆ. ತೀರಾ ಸಣ್ಣ ಕಣಜ. ಅದು ಮರಿಯ ಮೈಯೊಳಗೆ ಮೊಟ್ಟೆ ಚುಚ್ಚುತ್ತೆ. ಕಣಜದ ಮರಿ ಒಳಗಿನಿಂದ ತಿನ್ನುತ್ತಾ ಬೆಳೆಯುತ್ತೆ. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದವರು 2012ರಲ್ಲಿ ಕಂಡುಹಿಡಿದದ್ದು ಏನು ಗೊತ್ತಾ? ಹೀಗೆ ಮೊಟ್ಟೆ ಹೊತ್ತ ನೊಣದ ಮರಿ ತಾನಾಗೇ ಆಲ್ಕೋಹಾಲ್ ಜಾಸ್ತಿ ಇರುವ ಜಾಗಕ್ಕೆ ತೆವಳಿಕೊಂಡು ಹೋಗುತ್ತೆ. ಮೈಯೊಳಗೆ ಆಲ್ಕೋಹಾಲ್ ಏರಿದಾಗ ಕಣಜದ ಮರಿ ಸಾಯುತ್ತೆ, ನೊಣದ ಮರಿ ಉಳಿಯುತ್ತೆ. ನಾವು ಅಮಲು ಅನ್ನೋದು ಅದಕ್ಕೆ ಮದ್ದು. ನಿಮ್ಮ ಮರದ ಕೆಳಗಿನ ಒಂದು ಕೊಳೆತ ಮಾವಿನಲ್ಲಿ ಇಷ್ಟೆಲ್ಲ ನಡೆಯುತ್ತೆ.

ಕಡಜದ ವಿಷಯ ಇನ್ನೂ ಆಶ್ಚರ್ಯ. ಟೆಲ್ ಅವೀವ್‌ನಲ್ಲಿ 2024ರಲ್ಲಿ ಕಡಜಗಳಿಗೆ ಶೇ. 80 ಆಲ್ಕೋಹಾಲ್ ಇರುವ ಸಕ್ಕರೆ ನೀರು ಕೊಟ್ಟು ನೋಡಿದರು. ಗೂಡು ಕಟ್ಟೋದೂ ತಪ್ಪಲಿಲ್ಲ, ಆಯಸ್ಸೂ ಕಡಿಮೆ ಆಗಲಿಲ್ಲ. ಅದೇ ಜೇನುನೊಣಕ್ಕೆ ಆ ಶಕ್ತಿ ಇಲ್ಲ.

ರೇಷ್ಮೆ ಮನೆ, ಶಿಡ್ಲಘಟ್ಟ

ಇದು ಕಾಡುಪ್ರಾಣಿ ಅಲ್ಲ, ಮನೆ ಬೆಕ್ಕು. ಆದರೂ ಕೇಳಬಹುದಾ ಸರ್?

ಕಳೆದ ವಾರ ಹಿತ್ತಲಲ್ಲಿ ಕಳೆ ಕೀಳುತ್ತಿದ್ದೆ. ಕುಪ್ಪಿ ಗಿಡ ಬೇರು ಸಮೇತ ಕಿತ್ತು ಎಸೆದೆ. ನಮ್ಮ ಬೆಕ್ಕು ಎಲ್ಲಿತ್ತೋ, ಓಡಿ ಬಂತು. ಆ ಬೇರಿಗೆ ಕೆನ್ನೆ ಉಜ್ಜಿತು, ಕಚ್ಚಿತು, ನೆಲದ ಮೇಲೆ ಹೊರಳಾಡಿತು, ಜೊಲ್ಲು ಸುರಿಸಿತು. ಹತ್ತು ನಿಮಿಷ ಆದ ಮೇಲೆ ಏನೂ ಆಗದ ಹಾಗೆ ಎದ್ದು ಹೋಯಿತು. ಎಲೆ ಹಾಕಿದರೆ ತಿರುಗಿಯೂ ನೋಡಲಿಲ್ಲ, ಬೇರೇ ಬೇಕು. ನನಗೆ ಭಯ ಆಯಿತು. ಅತ್ತೆ ಮಾತ್ರ "ಬೆಕ್ಕಿಗೆ ಅದು ಹಾಗೇ ಕಣಮ್ಮ" ಅಂದರು.

ಜೀವಶಾಸ್ತ್ರದ ಮೇಷ್ಟ್ರು, ಕೋಲಾರ

ನಿಮ್ಮತ್ತೆ ಸರಿಯಾಗಿ ಹೇಳಿದ್ದಾರೆ. ಕುಪ್ಪಿ ಗಿಡದ ಬೇರು ಬೆಕ್ಕನ್ನು ಸೆಳೆಯುತ್ತೆ ಅನ್ನೋದು ಪುಸ್ತಕದಲ್ಲೂ ಇದೆ. ಯುರೋಪಿನಲ್ಲಿ ತುಳಸಿ ಜಾತಿಯ ಕ್ಯಾಟ್‌ನಿಪ್ ಗಿಡ, ಜಪಾನಿನಲ್ಲಿ ಒಂದು ಬಳ್ಳಿ ಇದೇ ಕೆಲಸ ಮಾಡುತ್ತವೆ. ಜಪಾನಿನವರು 2021ರಲ್ಲಿ ಆ ಬಳ್ಳಿಯ ವಸ್ತುವನ್ನು ಮನೆ ಬೆಕ್ಕಿಗೂ, ಮೃಗಾಲಯದ ಚಿರತೆ, ಜಾಗ್ವಾರ್‌ಗೂ ಕೊಟ್ಟು ನೋಡಿದರು. ಅವೂ ಮುಖ ಉಜ್ಜಿ ಹೊರಳಿದವು. ಬೆಕ್ಕಿನ ಮೈಯಲ್ಲಿ ನೋವು ಮರೆಸಿ ಹಿತ ಕೊಡುವ ವಸ್ತು ಏರುತ್ತೆ. ಜೊತೆಗೆ ಹಾಗೆ ಉಜ್ಜಿಕೊಂಡ ಬೆಕ್ಕಿನ ಮೇಲೆ ಸೊಳ್ಳೆ ಕೂರೋದು ಕಡಿಮೆಯಾಯಿತು. ಇಲ್ಲೂ ನೋಡಿ, ಹಿತವೂ ಇದೆ, ಉಪಯೋಗವೂ ಇದೆ.

ಬೆಟ್ಟದ ಮೆಟ್ಟಿಲು, ಚಿಕ್ಕಬಳ್ಳಾಪುರ

ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಪ್ರಾಣಿ ಬರೀ ಆಹಾರಕ್ಕೆ, ಮದ್ದಿಗೆ ಹೋಗುತ್ತೆ, ಖುಷಿಗೆ ಹೋಗೋದೇ ಇಲ್ಲ ಅನ್ನೋದನ್ನು ನಾನು ಒಪ್ಪೋದಿಲ್ಲ. ಕೆರಿಬಿಯನ್‌ನ ಸೇಂಟ್ ಕಿಟ್ಸ್ ದ್ವೀಪದ ಕೋತಿಗಳು ಕಡಲ ತೀರದ ಪ್ರವಾಸಿಗರ ಗ್ಲಾಸಿನಿಂದ ಮದ್ಯ ಕದ್ದು ಕುಡಿಯೋದು ಲೋಕಕ್ಕೇ ಗೊತ್ತು. ಪಶ್ಚಿಮ ಆಫ್ರಿಕಾದ ಗಿನಿ ದೇಶದ ಬೊಸ್ಸೂನಲ್ಲಿ ಚಿಂಪಾಂಜಿಗಳು ಥೇಟ್ ನಮ್ಮ ಈಚಲವನದವರು ಹೇಳಿದ ಹಾಗೆ ತಾಳೆ ಮರದ ಸೇಂದಿಗೆ ಬರುತ್ತವೆ. ಎಲೆ ಅಗಿದು ಮುದ್ದೆ ಮಾಡಿ, ಸೇಂದಿಯಲ್ಲಿ ಅದ್ದಿ ಹೀರುತ್ತವೆ. 1995ರಿಂದ 2012ರವರೆಗೆ ನೋಡಿ 51 ಸಲ ಕುಡಿದದ್ದನ್ನು ದಾಖಲಿಸಿ 2015ರಲ್ಲಿ ಪ್ರಕಟಿಸಿದ್ದಾರೆ. ಆ ಸೇಂದಿ ಶೇ. 3.1, ಕೆಲವು ಸಲ 6.9ರಷ್ಟು ಇತ್ತು. ಕೆಲವು ಕುಡಿದ ಮೇಲೆ ಮಲಗಿಬಿಟ್ಟವು. ಒಂದೇ ಪ್ರಾಣಿ ಮತ್ತೆ ಮತ್ತೆ ಬಂದದ್ದೂ ಇದೆ.

ನಾನು ಇದನ್ನು ಹೇಳೋದಕ್ಕೆ ಕಾರಣ ಇದೆ. ನಂದಿ ಬೆಟ್ಟಕ್ಕೆ ವಾರಾಂತ್ಯ ಹೋಗಿ ನೋಡಿ. ಕೋತಿಗಳು ಬ್ಯಾಗು ಕಿತ್ತು ತಂಪು ಪಾನೀಯದ ಬಾಟಲಿ ಬಿಚ್ಚಿ ಕುಡಿಯೋದು ಕಲಿತಿವೆ. ಒಮ್ಮೆ ಕೆಳಗಿನ ದಾರಿಯಲ್ಲಿ ಯಾರೋ ಬಿಯರ್ ಕ್ಯಾನ್ ಕೋತಿ ಕೈಗೆ ಕೊಟ್ಟು ನಗುತ್ತಿದ್ದರು. ಮರಿ ಹೊಟ್ಟೆಗೆ ಅಂಟಿಕೊಂಡಿದ್ದ ತಾಯಿ ಕೋತಿ. ನಾನು ಕಿತ್ತುಕೊಳ್ಳೋಕೆ ಹೋಗಿ ಜಗಳವೇ ಆಯಿತು. ಅದರ ರುಚಿ ಹತ್ತಿಸಿದವರು ನಾವು. ಕಾಡಿನ ಹಣ್ಣಿನಲ್ಲಿ ಶೇ. 1 ಇದ್ದದ್ದು ಬಾಟಲಿಯಲ್ಲಿ ಎಷ್ಟೋ ಪಟ್ಟು. ಅದಕ್ಕೆ ಅದರ ಮೈ ತಯಾರಿಲ್ಲ.

ಜೀವಶಾಸ್ತ್ರದ ಮೇಷ್ಟ್ರು, ಕೋಲಾರ

ನಿಮ್ಮ ಮಾತು ಒಪ್ಪಿದೆ. ಖುಷಿಯ ಮಾತನ್ನು ನಾನು ಅಷ್ಟು ಬಿಟ್ಟುಬಿಡಬಾರದಿತ್ತು. ಸಕ್ಕರೆ, ವಾಸನೆ, ಹಿತ, ಇವನ್ನು ಪ್ರಾಣಿಯ ಒಳಗೆ ಬೇರೆ ಬೇರೆ ಮಾಡಿ ನೋಡೋದು ಕಷ್ಟ. ಮಧ್ಯಪ್ರದೇಶದ ನೀಮಚ್, ಮಂದ್‌ಸೌರ್ ಕಡೆ ಗಸಗಸೆ ಹೊಲಕ್ಕೆ ಗಿಳಿಗಳು ಬಂದು ಕಾಯಿ ಕಚ್ಚಿ ಒಯ್ಯುತ್ತವೆ. ಅಲ್ಲಿನ ರೈತರು ಗಿಳಿಗೆ ಅಫೀಮಿನ ಚಟ ಹತ್ತಿದೆ ಅಂತಾರೆ. ಬೀಜದ ಆಸೆಗೆ ಬರುತ್ತವೋ, ಅಫೀಮಾಗುವ ಕಾಯಿ ಹಾಲಿನ ಆಸೆಗೋ, ಗಿಳಿಯನ್ನೇ ಕೇಳಬೇಕು. ಆದರೆ ಬಿಯರ್ ಕೊಟ್ಟವರಿಗೆ ಕ್ಷಮೆ ಇಲ್ಲ. ನೀವು ಜಗಳ ಆಡಿದ್ದು ಒಳ್ಳೆಯದೇ ಆಯಿತು.

ದುರ್ಗದ ತಪ್ಪಲು, ತುಮಕೂರು ತಾಲ್ಲೂಕು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆಮೇಲೆ ಏನಾಯಿತು ಅಂತ ಹೇಳುತ್ತೇನೆ.

ಅರಣ್ಯದವರು ಬಂದು ಜನರನ್ನು ದೂರ ಕಳಿಸಿದರು. ದುರ್ಬೀನು ಹಾಕಿ ನೋಡಿ, ಗಾಯ ಕಾಣುತ್ತಿಲ್ಲ, ಉಸಿರಾಟ ಸರಿಯಿದೆ ಅಂದರು. ಸುಮ್ನೆ ಬಿಡಿ, ಎಬ್ಬಿಸಬೇಡಿ ಅಂದರು. ಸಂಜೆ ಆರರ ಹೊತ್ತಿಗೆ ಕರಡಿ ಎದ್ದು ಮೈ ಕೊಡವಿತು. ಮೂಗು ಎತ್ತಿ ಗಾಳಿ ನೋಡಿತು. ಮತ್ತೆ ಹಲಸಿನ ಕಡೆಗೆ ಹೋಗಲೇ ಇಲ್ಲ. ನೇರ ಗುಡ್ಡದ ದಾರಿ ಹಿಡಿಯಿತು. ನಡಿಗೆಯಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ಡಾಕ್ಟ್ರಮ್ಮ ಹೇಳಿದ ಹಾಗೆ ಮುಂಗಾಲು ಒಳಕ್ಕೇ ತಿರುಗಿತ್ತು, ಈಗ ಗಮನಿಸಿದೆ.

ಡಾಕ್ಟ್ರಮ್ಮ ಬರೆದದ್ದನ್ನು ನಿನ್ನೆ ಆ ಹುಡುಗರಿಗೆ ಓದಿ ಹೇಳಿದೆ. ವಿಡಿಯೋ ಹಾಕಿದವನು ತೆಗೆದ. ಹಸುವಿನ ವಿಷಯಕ್ಕೆ ಅವನ ಅಮ್ಮ ಕಣ್ಣೊರೆಸಿಕೊಂಡರು. ಆಮೇಲೆ ಅವರೇ ಐದು ಜನ ಬಂದು ಬಿದ್ದ ಹಲಸನ್ನೆಲ್ಲ ಆಯ್ದು ಗುಂಡಿ ತೋಡಿ ಮುಚ್ಚಿದರು. ಮರದ ಮೇಲಿನದನ್ನೂ ಕೊಯ್ದು ಮನೆಮನೆಗೆ ಹಂಚಿದೆವು. ಕಾಡಿನ ಅಂಚಿನ ಒಂದು ಮರದ್ದು ಮಾತ್ರ ಹಾಗೇ ಬಿಟ್ಟಿದ್ದೇನೆ. ಮನೆಯಿಂದ ದೂರ ಇದೆ.

ಲಂಟಾನ ಪಕ್ಕದಲ್ಲಿ ಕರಡಿ ಲದ್ದಿ ಸಿಕ್ಕಿತು. ತುಂಬಾ ಹಲಸಿನ ಬೀಜ, ಒಂದಿಷ್ಟು ಕಕ್ಕೆ ಬೀಜ, ಗೆದ್ದಲಿನ ಚೂರು. ಮೇಷ್ಟ್ರೇ, ಇದನ್ನು ಏನು ಮಾಡಲಿ?

ಜೀವಶಾಸ್ತ್ರದ ಮೇಷ್ಟ್ರು, ಕೋಲಾರ

ಅಲ್ಲೇ ಬಿಡಿ. ಪಕ್ಕದಲ್ಲೊಂದು ಕೋಲು ನೆಟ್ಟು ಗುರುತು ಮಾಡಿ. ಮಳೆ ಹಿಡಿದರೆ ಹದಿನೈದು ಇಪ್ಪತ್ತು ದಿನಕ್ಕೆ ಹಲಸು ಮೊಳೆಯಬೇಕು. ಫೋಟೋ ಹಾಕಿ.

ಇಪ್ಪೆ ತೋಪು, ಮಧುಗಿರಿ

ತಮ್ಮಾ, ನಮ್ಮ ಮರದ ಇಪ್ಪೆ ಬೀಜ ಈಗ ಉದುರುತ್ತಿದೆ. ಹಸಿಯಾಗಿದ್ದಾಗಲೇ ಹಾಕಬೇಕು, ಇಟ್ಟರೆ ಹುಟ್ಟೋದಿಲ್ಲ. ಭಾನುವಾರ ಮೊಮ್ಮಗ ತುಮಕೂರಿಗೆ ಬರುತ್ತಾನೆ. ಒಂದು ಚೀಲ ಕಳಿಸುತ್ತೇನೆ. ಆ ಬಿಟ್ಟಿರುವ ಹಲಸಿನ ಮರದ ಆಚೆ, ಕಾಡಿನ ಕಡೆಗೆ ಹಾಕು.